ಕ್ಯಾಂಟನ್‌ನಿಂದ ಹೊರಟ ಒಂದು ಪುಸ್ತಕ

1839ರ ಜೂನ್ ತಿಂಗಳು. ದಕ್ಷಿಣ ಚೀನಾದ ಕ್ಯಾಂಟನ್‌ನಿಂದ ಕಡಲಿನ ಕಡೆಗೆ ಹೋದರೆ ಹುಮೆನ್ ಅಂತ ಒಂದು ಊರು ಸಿಗುತ್ತದೆ. ಅಲ್ಲಿ ದಡದಲ್ಲಿ ಮೂರು ದೊಡ್ಡ ಹೊಂಡ ತೋಡಿದ್ದಾರೆ. ನೂರಾರು ಕೂಲಿಗಳು ಅಫೀಮಿನ ಉಂಡೆಗಳನ್ನು ಒಡೆದು ಒಡೆದು ಹೊಂಡಕ್ಕೆ ಹಾಕುತ್ತಿದ್ದಾರೆ. ಅದರ ಮೇಲೆ ನೀರು, ಉಪ್ಪು, ಸುಣ್ಣ. ಸುಣ್ಣ ಬಿದ್ದ ಕೂಡಲೇ ಹೊಂಡ ಕೊತಕೊತ ಕುದಿಯುತ್ತದೆ. ಕಡಲು ಇಳಿಯುವ ಹೊತ್ತಿಗೆ ತೂಬು ತೆಗೆದರೆ ಎಲ್ಲವೂ ಸಮುದ್ರದ ಪಾಲು. ಇಪ್ಪತ್ಮೂರು ದಿನ ಈ ಕೆಲಸ ನಡೆಯಿತು. ಹಾಳಾದದ್ದು ಇಪ್ಪತ್ತು ಸಾವಿರಕ್ಕೂ ಹೆಚ್ಚು ಪೆಟ್ಟಿಗೆ, ತೂಕದಲ್ಲಿ ಸಾವಿರ ಟನ್‌ಗೂ ಜಾಸ್ತಿ.

ಇದನ್ನು ಮಾಡಿಸಿದವನು ಲಿನ್ ಝೆಷು. ಬೀಜಿಂಗ್‌ನ ಚಕ್ರವರ್ತಿ ಕಳಿಸಿದ್ದ ವಿಶೇಷ ಅಧಿಕಾರಿ. ಕೆಲಸ ಶುರು ಮಾಡುವ ಮೊದಲು ಅವನು ಸಮುದ್ರ ದೇವತೆಗೆ ಪೂಜೆ ಸಲ್ಲಿಸಿದ. ನಿನ್ನ ನೀರಿಗೆ ವಿಷ ಬಿಡುತ್ತಿದ್ದೇನೆ, ಕ್ಷಮಿಸು, ನಿನ್ನ ಜಲಚರಗಳಿಗೆಲ್ಲ ಸ್ವಲ್ಪ ದೂರ ಸರಿದಿರಲು ಹೇಳು ಎಂದು ಬೇಡಿಕೊಂಡ. ನನಗೆ ಈ ಮನುಷ್ಯನ ಮೇಲೆ ಪ್ರೀತಿ ಹುಟ್ಟಿದ್ದು ಇದನ್ನು ಓದಿದಾಗ. ಮೀನುಗಳಿಗೆ ಏನಾದೀತು ಎಂದು ಯೋಚಿಸಿದ ಅಧಿಕಾರಿ ಅವನು.

ಆ ಪೆಟ್ಟಿಗೆಗಳು ಎಲ್ಲಿಂದ ಬಂದವು? ಬಹುಪಾಲು ನಮ್ಮ ದೇಶದಿಂದ. ಇಂಗ್ಲೆಂಡಿನ ಜನರಿಗೆ ಚೀನಾದ ಚಹಾದ ರುಚಿ ಹತ್ತಿತ್ತು. ಚೀನಾಕ್ಕೆ ಇಂಗ್ಲೆಂಡಿನ ಸರಕು ಅಷ್ಟಾಗಿ ಬೇಕಿರಲಿಲ್ಲ, ಬೆಳ್ಳಿ ಬೇಕಿತ್ತು. ಬೆಳ್ಳಿ ಕೊಟ್ಟು ಕೊಟ್ಟು ಸಾಕಾದಾಗ ಈಸ್ಟ್ ಇಂಡಿಯಾ ಕಂಪನಿಗೆ ಕಂಡ ದಾರಿ ಅಫೀಮು. ಬಿಹಾರ ಮತ್ತು ಬನಾರಸ್ ಕಡೆಯ ರೈತರಿಂದ ಬೆಳೆಸಿ, ಕಲ್ಕತ್ತೆಯಲ್ಲಿ ಹರಾಜು ಹಾಕಿ, ಖಾಸಗಿ ವ್ಯಾಪಾರಿಗಳ ಕೈಯಲ್ಲಿ ಚೀನಾಕ್ಕೆ ಸಾಗಿಸುವುದು. ಮಾಳವದ ಅಫೀಮು ಮುಂಬೈ ದಾರಿಯಲ್ಲಿ ಹೋಗುತ್ತಿತ್ತು. 1830ರ ದಶಕ ಮುಗಿಯುವ ಹೊತ್ತಿಗೆ ವರ್ಷಕ್ಕೆ ಹತ್ತಿರ ಹತ್ತಿರ ನಲವತ್ತು ಸಾವಿರ ಪೆಟ್ಟಿಗೆ. ಈಗ ಬೆಳ್ಳಿ ಚೀನಾದಿಂದ ಹೊರಕ್ಕೆ ಹರಿಯತೊಡಗಿತು.

ಇನ್ನೂ ಒಂದೆರಡು ಸಂಗತಿ ಹೇಳಿಬಿಡುತ್ತೇನೆ. ಅಫೀಮು ನಾಶ ಮಾಡಿದ್ದಕ್ಕೆ ಬ್ರಿಟನ್ ಯುದ್ಧಕ್ಕೆ ಬಂತಲ್ಲ, ಆ ಯುದ್ಧಕ್ಕೆ ಹೋದ ಸೈನಿಕರಲ್ಲಿ ಮದ್ರಾಸ್ ಸ್ಯಾಪರ್ಸ್ ಪಡೆಯವರೂ ಇದ್ದರು. ಬೆಂಗಳೂರಿನ ಹಲಸೂರು ಕೆರೆ ಹತ್ತಿರ ಅವರ ಕೇಂದ್ರ ಈಗಲೂ ಇದೆ. ಅವರ ಯುದ್ಧ ಗೌರವಗಳ ಪಟ್ಟಿಯಲ್ಲಿ 'ಚೀನಾ', ಆಮೇಲಿನ ಯುದ್ಧದ 'ಟಾಕು ಕೋಟೆ', 'ಪೆಕಿಂಗ್ 1860' (ಪೆಕಿಂಗ್ ಅಂದರೆ ಬೀಜಿಂಗ್) ಅಂತ ನೀವು ಓದಬಹುದು. 1841ರ ಜನವರಿ 7ರಂದು ಕ್ಯಾಂಟನ್ ನದಿಯ ಬಾಯಲ್ಲಿ 'ನೆಮೆಸಿಸ್' ಎಂಬ ಕಬ್ಬಿಣದ ಉಗಿಹಡಗು ಒಂದು ರಾಕೆಟ್ ಹಾರಿಸಿತು. ಅದು ತಗುಲಿ ಚೀನಾದ ಯುದ್ಧದೋಣಿಯೊಂದು ಮದ್ದಿನ ಸಮೇತ ಸಿಡಿದುಹೋಯಿತು. ಅದು ಕಾಂಗ್ರೀವ್ ರಾಕೆಟ್. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ರಾಕೆಟ್‌ಗಳನ್ನು ಇಂಗ್ಲೆಂಡಿಗೆ ಒಯ್ದರು, ಅವುಗಳನ್ನು ನೋಡಿ ವುಲಿಚ್‌ನಲ್ಲಿ ವಿಲಿಯಂ ಕಾಂಗ್ರೀವ್ ಮಾಡಿದ ಆಯುಧ ಅದು. ನಮ್ಮ ಊರಿನ ಬೆಂಕಿ ಎಲ್ಲೆಲ್ಲಿಗೆ ಹೋಗಿ ಬಿತ್ತು ನೋಡಿ. ಹಾಗಾಗಿ ಪಶ್ಚಿಮದವರ ತೋಪಿನ ಮುಂದೆ ಚೀನಾ, ಜಪಾನ್, ಕೊರಿಯಾ ಏನು ಮಾಡಿದವು ಎಂಬ ಇವತ್ತಿನ ವಿಷಯವನ್ನು ದೂರದವರ ಕಥೆ ಅಂತ ನನಗೆ ಹೇಳಲು ಆಗುವುದಿಲ್ಲ.

ಶಾಲೆಯಲ್ಲಿ ನಾವೆಲ್ಲ ಓದಿದ್ದು ಹೀಗೆ: ಚೀನಾ ಮಲಗಿತ್ತು, ಜಪಾನ್ ಎದ್ದಿತು, ಕೊರಿಯಾ ಬಾಗಿಲು ಹಾಕಿಕೊಂಡು ಕೂತಿತ್ತು. ಪಶ್ಚಿಮದವರ ತೋಪು ಬಂದಾಗ ಎದ್ದವರು ಉಳಿದರು, ಮಲಗಿದ್ದವರು ಹಾಳಾದರು. ಪರೀಕ್ಷೆಗೆ ಬರೆಯಲು ಇದು ಸುಲಭ. ಆದರೆ ಓದುತ್ತಾ ಹೋದಂತೆ ನನಗೆ ಈ ಮಾತಿನಲ್ಲಿ ನಂಬಿಕೆ ಹೋಯಿತು. ಮೂರು ದೇಶಗಳಲ್ಲೂ ಕಣ್ಣು ತೆರೆದವರು ಇದ್ದರು. ಎಲ್ಲರಿಗಿಂತ ಮೊದಲು ಕಣ್ಣು ತೆರೆದವರು ಚೀನಾದವರೇ. ಅವರು ಕಂಡದ್ದು ತೀರ್ಮಾನ ತೆಗೆದುಕೊಳ್ಳುವವರ ಕೈಗೆ ತಲುಪಿತಾ ಇಲ್ಲವಾ, ಅಲ್ಲಿ ಇರುವುದು ವ್ಯತ್ಯಾಸ. ಇದನ್ನು ಒಂದು ಪುಸ್ತಕದ ಬೆನ್ನು ಹತ್ತಿ ಹೇಳುತ್ತೇನೆ.

ಲಿನ್ ಝೆಷು ಕ್ಯಾಂಟನ್‌ಗೆ ಬಂದಾಗ ಅವನಿಗೂ ಹೊರದೇಶದವರ ಬಗ್ಗೆ ಗೊತ್ತಿದ್ದದ್ದು ಕಡಿಮೆ. ಚಹಾ ಮತ್ತು ರೇವಲ್‌ಚಿನ್ನಿ ಬೇರು ನಿಲ್ಲಿಸಿದರೆ ಇಂಗ್ಲಿಷರು ಬದುಕಲಾರರು ಎಂದು ನಂಬಿದ್ದ. ಅವರ ಸಿಪಾಯಿಗಳು ಕಾಲಿಗೆ ಬಿಗಿಯಾಗಿ ಸುತ್ತಿಕೊಳ್ಳುವುದರಿಂದ ನೆಲದ ಮೇಲೆ ಬಿದ್ದರೆ ಏಳಲಾರರು ಎಂದೂ ಬರೆದಿದ್ದ. ಆದರೆ ಅವನು ಒಂದು ಕೆಲಸ ಮಾಡಿದ. ಅಷ್ಟು ವರ್ಷ ಕ್ಯಾಂಟನ್‌ನಲ್ಲಿದ್ದ ಯಾವ ಅಧಿಕಾರಿಯೂ ಮಾಡದ ಕೆಲಸ. ಭಾಷಾಂತರಕಾರರನ್ನು ಹುಡುಕಿ ಕರೆಸಿ ತನ್ನ ಕಚೇರಿಯಲ್ಲೇ ಕೂರಿಸಿಕೊಂಡ. ಅವರಲ್ಲಿ ಒಬ್ಬ ಬಂಗಾಳದ ಶ್ರೀರಾಂಪುರದ ಮಿಷನ್ ಶಾಲೆಯಲ್ಲಿ ಇಂಗ್ಲಿಷ್ ಕಲಿತವನು. ಅವನ ತಂದೆ ಚೀನಾದವನು, ತಾಯಿ ಬಂಗಾಳದವಳು. ಇವರೆಲ್ಲ ಸೇರಿ ಇಂಗ್ಲಿಷ್ ಪತ್ರಿಕೆಗಳನ್ನು, ಭೂಗೋಳದ ಪುಸ್ತಕವೊಂದನ್ನು, ದೇಶ ದೇಶಗಳ ನಡುವಿನ ಕಾನೂನಿನ ಕೆಲವು ಭಾಗಗಳನ್ನು ಚೀನೀ ಭಾಷೆಗೆ ತಂದರು. ತನಗೆ ಗೊತ್ತಿಲ್ಲ ಅನ್ನುವುದು ಗೊತ್ತಾದ ಕೂಡಲೇ ಓದಲು ಕೂತ ಮನುಷ್ಯ. ಇದಕ್ಕೆ ಎಷ್ಟು ದೊಡ್ಡ ಮನಸ್ಸು ಬೇಕು, ಯೋಚಿಸಿ.

ಅವನು ವಿಕ್ಟೋರಿಯಾ ರಾಣಿಗೆ ಒಂದು ಪತ್ರವನ್ನೂ ಬರೆದ. ಅಫೀಮು ಬೆಳೆಯುವ ಊರುಗಳ ಹೆಸರನ್ನು ಅದರಲ್ಲಿ ಒಂದೊಂದಾಗಿ ಹೇಳುತ್ತಾನೆ: ಬಂಗಾಳ, ಮದ್ರಾಸ್, ಮುಂಬೈ, ಪಾಟ್ನಾ, ಬನಾರಸ್, ಮಾಳವ. ಬೇರೆ ದೇಶದವರು ಬಂದು ನಿಮ್ಮ ಜನರಿಗೆ ಇದರ ಚಟ ಹತ್ತಿಸಿದರೆ ನೀವು ಸುಮ್ಮನಿರುತ್ತೀರಾ ಎಂದು ಕೇಳುತ್ತಾನೆ. ಪತ್ರ ರಾಣಿಯನ್ನು ತಲುಪಲಿಲ್ಲ. ಯುದ್ಧದ ಹಡಗುಗಳು ಬಂದವು. 1842ರ ಆಗಸ್ಟ್ 29ರಂದು ನಾನ್‌ಜಿಂಗ್ ಎದುರು ನಿಂತಿದ್ದ 'ಕಾರ್ನ್‌ವಾಲಿಸ್' ಹಡಗಿನ ಮೇಲೆ ಒಪ್ಪಂದಕ್ಕೆ ಸಹಿ ಬಿತ್ತು. ಆ ಹಡಗೂ ಮುಂಬೈಯಲ್ಲಿ ತೇಗದ ಮರದಲ್ಲಿ ಕಟ್ಟಿದ್ದು. ಐದು ಬಂದರು ತೆರೆಯಬೇಕಾಯಿತು, ಹಾಂಗ್‌ಕಾಂಗ್ ಹೋಯಿತು, 2 ಕೋಟಿ 10 ಲಕ್ಷ ಬೆಳ್ಳಿ ಡಾಲರ್ ದಂಡ ಬಿತ್ತು.

ಲಿನ್ ಝೆಷು ಏನಾದ? ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, ಇಷ್ಟಕ್ಕೆಲ್ಲ ನೀನೇ ಕಾರಣ ಎಂದು ಚಕ್ರವರ್ತಿ ಅವನನ್ನು ದೇಶದ ಪಶ್ಚಿಮದ ತುದಿಗೆ, ಇಲಿ ಎಂಬಲ್ಲಿಗೆ ಗಡೀಪಾರು ಮಾಡಿದ. 1841ರಲ್ಲಿ ದಾರಿಯಲ್ಲಿ ಯಾಂಗ್ಟ್ಸೆ ನದಿಯ ದಡದ ಒಂದು ಊರಿನಲ್ಲಿ ಹಳೆಯ ಗೆಳೆಯ ವೇಯ್ ಯುವಾನ್ ಸಿಕ್ಕಿದ. ಇಬ್ಬರೂ ಒಂದು ರಾತ್ರಿ ಕೂತು ಮಾತಾಡಿದರು. ಭಾಷಾಂತರ ಮಾಡಿಸಿದ್ದ ಕಾಗದದ ಕಟ್ಟನ್ನೆಲ್ಲ ಲಿನ್ ಗೆಳೆಯನ ಕೈಗೆ ಕೊಟ್ಟ. ಇದನ್ನು ಪುಸ್ತಕ ಮಾಡು ಎಂದ.

ಆ ಪುಸ್ತಕವೇ 'ಹಾಯ್‌ಗುವೊ ತುಝಿ'. ಕಡಲಾಚೆಯ ದೇಶಗಳ ಸಚಿತ್ರ ವಿವರ ಎಂದು ಹೇಳಬಹುದು. 1843ರ ಹೊತ್ತಿಗೆ ಮೊದಲು ಬಂದಾಗ 50 ಭಾಗ, 1852ರ ಹೊತ್ತಿಗೆ 100 ಭಾಗ. ಯಾವ ದೇಶ ಎಲ್ಲಿದೆ, ಅವರ ಆಡಳಿತ ಹೇಗೆ, ಹಡಗು ಹೇಗೆ ಕಟ್ಟುತ್ತಾರೆ, ತೋಪು ಹೇಗೆ ಎರಕ ಹೊಯ್ಯುತ್ತಾರೆ, ಎಲ್ಲವೂ ಅದರಲ್ಲಿದೆ. ಮುನ್ನುಡಿಯಲ್ಲೇ ವೇಯ್ ಯುವಾನ್ ಉದ್ದೇಶ ಹೇಳಿಬಿಟ್ಟಿದ್ದಾನೆ: ಹೊರಗಿನವರ ಒಳ್ಳೆಯ ವಿದ್ಯೆಯನ್ನು ಕಲಿತು, ಅದರಿಂದಲೇ ಅವರನ್ನು ತಡೆಯಬೇಕು. ಇಸವಿ ಗಮನಿಸಿ. ಜಪಾನಿನ ಬಾಗಿಲು ತೆಗೆಸಲು ಅಮೆರಿಕದ ಪೆರ್ರಿಯ ಹಡಗುಗಳು ಬರುವುದಕ್ಕೆ ಇನ್ನೂ ಹತ್ತು ವರ್ಷ ಇತ್ತು.

ಚೀನಾದಲ್ಲಿ ಇದನ್ನು ಓದಿದವರು ಕಡಿಮೆ. ಕಾರಣ ಜನ ದಡ್ಡರಾಗಿದ್ದರು ಅಂತಲ್ಲ. ಅಲ್ಲಿ ಒಬ್ಬ ಹುಡುಗ ಮೇಲೆ ಬರಬೇಕಾದರೆ ಸರ್ಕಾರಿ ಪರೀಕ್ಷೆ ಪಾಸಾಗಬೇಕು. ಪರೀಕ್ಷೆಗೆ ಬರುವುದು ಕನ್ಫ್ಯೂಷಿಯಸ್‌ನ ಪರಂಪರೆಯ ಗ್ರಂಥಗಳು. ಹದಿನೈದು ಇಪ್ಪತ್ತು ವರ್ಷ ಅದನ್ನೇ ಉರು ಹೊಡೆದವನಿಗೆ ಇಂಗ್ಲೆಂಡಿನ ಭೂಗೋಳ ಯಾಕೆ ಬೇಕು? ಅದು ಪ್ರಶ್ನೆಪತ್ರಿಕೆಯಲ್ಲಿ ಬರುವುದಿಲ್ಲ. ಈ ಮಾತು ನಮ್ಮ ಮನೆಗಳಲ್ಲೂ ಕೇಳಿದ ಹಾಗಿದೆ, ಅಲ್ವಾ? 1858ರಲ್ಲಿ ಒಬ್ಬ ಹಿರಿಯ ಅಧಿಕಾರಿ ಈ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಿ ರಾಜಮನೆತನದವರಿಗೂ ಮಂತ್ರಿಗಳಿಗೂ ಹಂಚಬೇಕೆಂದು ಚಕ್ರವರ್ತಿಗೆ ಬರೆದ. ಏನೂ ಆಗಲಿಲ್ಲ. ಆ ಹೊತ್ತಿಗೆ ತೈಪಿಂಗ್ ಬಂಡಾಯ ದೇಶದ ಅರ್ಧವನ್ನು ಸುಡುತ್ತಿತ್ತು ಅನ್ನುವುದನ್ನೂ ಮರೆಯಬಾರದು. ಹದಿನಾಲ್ಕು ವರ್ಷಗಳ ಆ ಬಂಡಾಯದಲ್ಲಿ ಸತ್ತವರು ಎರಡು ಕೋಟಿಗೂ ಜಾಸ್ತಿ ಎಂದು ಅಂದಾಜು. ಮನೆಗೆ ಬೆಂಕಿ ಬಿದ್ದವನನ್ನು ನೀನು ಯಾಕೆ ಓದಲಿಲ್ಲ ಎಂದು ಕೇಳುವುದು ನ್ಯಾಯವಲ್ಲ.

ಈಗ ಪುಸ್ತಕದ ಜೊತೆ ನಾವೂ ಹಡಗು ಹತ್ತೋಣ.

ಜಪಾನ್ ಆಗ ಹೊರಗಿನವರಿಗೆ ಮುಚ್ಚಿದ ದೇಶ. ನಾಗಸಾಕಿ ಬಂದರಿಗೆ ಮಾತ್ರ ಚೀನಾದ ಹಡಗು, ಡಚ್ಚರ ಹಡಗು ಬರಬಹುದಿತ್ತು. ಪ್ರತಿ ವರ್ಷ ಡಚ್ಚರು ಹೊರಗಿನ ಸುದ್ದಿಯ ವರದಿ ಕೊಡಬೇಕಿತ್ತು. ಅಂದರೆ ಬಾಗಿಲು ಮುಚ್ಚಿತ್ತು, ಕಿಟಕಿ ತೆರೆದಿತ್ತು. 1825ರಲ್ಲಿ ಅಲ್ಲಿನ ಸರ್ಕಾರ ಒಂದು ಕಟ್ಟಪ್ಪಣೆ ಹೊರಡಿಸಿತ್ತು: ವಿದೇಶಿ ಹಡಗು ತೀರಕ್ಕೆ ಬಂದರೆ ಎರಡನೇ ಯೋಚನೆ ಮಾಡದೆ ಗುಂಡು ಹಾರಿಸಿ ಓಡಿಸಿ. 1842ರಲ್ಲಿ ಅದೇ ಸರ್ಕಾರ ಆ ಅಪ್ಪಣೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಬಂದವರಿಗೆ ಸೌದೆ, ನೀರು ಕೊಟ್ಟು ಕಳಿಸಿ ಎಂದಿತು. ನಡುವೆ ಆದದ್ದು ಇಷ್ಟೇ, ಚೀನಾ ಸೋತ ಸುದ್ದಿ ನಾಗಸಾಕಿಗೆ ಬಂತು. ಅಫೀಮು ಯುದ್ಧದಿಂದ ಒಂದು ಗುಂಡೂ ಬೀಳದ ದೇಶ ಅದರಿಂದ ಬೇಗ ಪಾಠ ಕಲಿಯಿತು.

1851ರಲ್ಲಿ ಚೀನಾದ ಹಡಗೊಂದರಲ್ಲಿ 'ಹಾಯ್‌ಗುವೊ ತುಝಿ'ಯ ಮೂರು ಪ್ರತಿ ನಾಗಸಾಕಿಗೆ ಬಂದವು. ಕ್ರೈಸ್ತ ಧರ್ಮದ ವಿಚಾರ ಇದೆ ಎಂದು ಅಲ್ಲಿನ ತಪಾಸಣೆಯವರು ತಡೆದಿಟ್ಟುಕೊಂಡರು. ಎರಡು ವರ್ಷ ಕಳೆಯಿತು. 1853ರ ಜುಲೈ 8ರಂದು ಅಮೆರಿಕದ ನೌಕಾಧಿಕಾರಿ ಪೆರ್ರಿ ನಾಲ್ಕು ಕಪ್ಪು ಹಡಗು ತಂದು ಎದೋ (ಈಗಿನ ಟೋಕಿಯೊ) ಕೊಲ್ಲಿಯ ಬಾಯಲ್ಲಿ ನಿಲ್ಲಿಸಿದ. ಬಾಗಿಲು ತೆಗೆಯಿರಿ, ಮುಂದಿನ ವರ್ಷ ಉತ್ತರ ಕೇಳಲು ಬರುತ್ತೇನೆ ಎಂದ. ಆಗ ಸರ್ಕಾರ ನಡೆಸುತ್ತಿದ್ದ ಅಬೆ ಮಸಾಹಿರೊ ಹಿಂದೆಂದೂ ನಡೆಯದ ಕೆಲಸ ಮಾಡಿದ. ಪೆರ್ರಿ ತಂದ ಪತ್ರವನ್ನು ಸಂಸ್ಥಾನಗಳ ಒಡೆಯರಿಗೆಲ್ಲ ಕಳಿಸಿ ನಿಮ್ಮ ಅಭಿಪ್ರಾಯ ಹೇಳಿ ಎಂದ. ನೂರಾರು ಉತ್ತರ ಬಂದವು. ಒಮ್ಮತ ಬರಲಿಲ್ಲ, ಸರ್ಕಾರದ ಮರ್ಯಾದೆಯೂ ಕಡಿಮೆಯಾಯಿತು. ಆದರೆ ದೇಶದ ಉದ್ದಗಲಕ್ಕೂ ಜನ ಹೊರಗಿನ ಪ್ರಪಂಚದ ಬಗ್ಗೆ ಮಾತಾಡಲು ಶುರು ಮಾಡಿದರು. ಮಾತಾಡಬೇಕಾದರೆ ಓದಬೇಕು. 1854ರಿಂದ 1856ರೊಳಗೆ ವೇಯ್ ಯುವಾನ್‌ನ ಪುಸ್ತಕದ ಬೇರೆ ಬೇರೆ ಭಾಗಗಳು ಜಪಾನಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಆವೃತ್ತಿ ಕಂಡವು. ಬರೆದವನ ಊರಿನಲ್ಲಿ ಕೇಳುವವರಿಲ್ಲ, ಕಡಲಾಚೆ ಮರದ ಅಚ್ಚು ಸವೆಯುತ್ತಿತ್ತು.

ಓದಿದವರಲ್ಲಿ ಸಕುಮಾ ಶೋಝಾನ್ ಒಬ್ಬ. ವೇಯ್ ಯುವಾನ್‌ನ ಇನ್ನೊಂದು ಬರಹ ಓದಿದಾಗಲೇ, ಕಡಲಾಚೆ ನನ್ನ ಹಾಗೇ ಯೋಚಿಸುವವನು ಇದ್ದಾನೆ ಎಂದು ಖುಷಿಪಟ್ಟಿದ್ದ. ಆದರೆ ತೋಪಿನ ವಿಚಾರದಲ್ಲಿ ಮಾತ್ರ ಅವನಿಗೆ ತೃಪ್ತಿಯಾಗಲಿಲ್ಲ. ವೇಯ್ ಯುವಾನ್ ಸ್ವತಃ ಮಾಡಿ ನೋಡದೆ ಬರೆದಿದ್ದಾನೆ ಎಂದ. ಸಕುಮಾ ನಡುವಯಸ್ಸಿನಲ್ಲಿ ಡಚ್ ಭಾಷೆ ಕಲಿತು, ಪುಸ್ತಕ ನೋಡಿಕೊಂಡು ತೋಪು ಎರಕ ಹೊಯ್ಯಿಸಿದವನು. ನನಗೆ ಈ ಸಣ್ಣ ಆಕ್ಷೇಪ ಬಹಳ ಮುಖ್ಯ ಅನಿಸುತ್ತದೆ. ಪುಸ್ತಕವನ್ನು ತಲೆ ಮೇಲೆ ಇಟ್ಟುಕೊಂಡು ಪೂಜಿಸುವುದು ಬೇರೆ, ಅದರಲ್ಲಿ ತಪ್ಪು ಹುಡುಕುವಷ್ಟು ಕೈ ಕೆಸರು ಮಾಡಿಕೊಳ್ಳುವುದು ಬೇರೆ.

ಸಕುಮಾನ ಶಿಷ್ಯ ಯೊಶಿದಾ ಶೋಯಿನ್. ಇಪ್ಪತ್ಮೂರು ವರ್ಷದ ಹುಡುಗ. 1854ರ ಏಪ್ರಿಲ್‌ನಲ್ಲಿ ಒಂದು ರಾತ್ರಿ ಗೆಳೆಯನೊಬ್ಬನ ಜೊತೆ ಪುಟ್ಟ ದೋಣಿಯಲ್ಲಿ ಹುಟ್ಟು ಹಾಕುತ್ತಾ ಪೆರ್ರಿಯ ಹಡಗಿನ ಹತ್ತಿರ ಹೋದ. ನಮ್ಮನ್ನೂ ಕರೆದುಕೊಂಡು ಹೋಗಿ, ನಿಮ್ಮ ದೇಶ ನೋಡಬೇಕು ಎಂದು ಕೇಳಿದ. ದೇಶ ಬಿಟ್ಟು ಹೋಗುವುದಕ್ಕೆ ಆಗ ಮರಣದಂಡನೆ. ಅಮೆರಿಕನ್ನರು ಒಪ್ಪದೆ ವಾಪಸ್ ಕಳಿಸಿದರು. ಇಬ್ಬರೂ ಸೆರೆಯಾದರು, ಜೊತೆಗೆ ಹೋದ ಗೆಳೆಯ ಸೆರೆಯಲ್ಲೇ ಸತ್ತ. ಶೋಯಿನ್ ಹಾಗಿ ಊರಿನ ಜೈಲಿನಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಇದ್ದ. ಅಷ್ಟರಲ್ಲಿ ಓದಿದ್ದು ಸುಮಾರು 600 ಪುಸ್ತಕ. ಅವುಗಳಲ್ಲಿ 'ಹಾಯ್‌ಗುವೊ ತುಝಿ'ಯೂ ಇತ್ತು. ಹೊರಗೆ ಬಂದ ಮೇಲೆ ಮನೆಯ ಅಂಗಳದ ಸಣ್ಣ ಕಟ್ಟಡದಲ್ಲಿ ಊರಿನ ಹುಡುಗರಿಗೆ ಪಾಠ ಹೇಳಿದ. ಮೇಲು ಕೀಳು ನೋಡಲಿಲ್ಲ. 1859ರಲ್ಲಿ ಸರ್ಕಾರ ಅವನ ತಲೆ ತೆಗೆಸಿತು. ಪಾಠ ನಡೆದದ್ದು ಹೆಚ್ಚೆಂದರೆ ಎರಡು ವರ್ಷ.

ಆ ಪುಟ್ಟ ಶಾಲೆಯಲ್ಲಿ ಕೂತಿದ್ದ ಒಬ್ಬ ಬಡ ರೈತನ ಮಗನ ಹೆಸರು ಇತೊ ಹಿರೊಬುಮಿ. ಮುಂದೆ ಜಪಾನಿನ ಮೊದಲ ಪ್ರಧಾನಿ. ಈ ಹುಡುಗ ಗುರುವಿನ ಹಾಗೇ ಬಿಸಿರಕ್ತದವನು. ವಿದೇಶಿಯರನ್ನು ಓಡಿಸಬೇಕು ಎಂದು 1863ರ ಶುರುವಿನಲ್ಲಿ ಗೆಳೆಯರ ಜೊತೆ ಸೇರಿ ಎದೋದಲ್ಲಿ ಕಟ್ಟುತ್ತಿದ್ದ ಬ್ರಿಟಿಷ್ ರಾಯಭಾರ ಕಚೇರಿಗೆ ಬೆಂಕಿ ಇಟ್ಟ. ಕೆಲವೇ ತಿಂಗಳ ನಂತರ ಅದೇ ಇತೊ ನಾಲ್ವರು ಜೊತೆಗಾರರೊಂದಿಗೆ ಕದ್ದು ಲಂಡನ್ನಿಗೆ ಹಡಗು ಹತ್ತಿದ. ಶತ್ರುವಿನ ವಿದ್ಯೆ ಕಲಿಯಲಿಕ್ಕೆ. ಆ ಪ್ರಯಾಣಕ್ಕೆ ಏರ್ಪಾಡು ಮಾಡಿಕೊಟ್ಟದ್ದು ಜಾರ್ಡಿನ್ ಮ್ಯಾಥೆಸನ್ ಕಂಪನಿ. ಕ್ಯಾಂಟನ್‌ನ ಅಫೀಮು ವ್ಯಾಪಾರದಲ್ಲಿ ಬೆಳೆದ ಅದೇ ಕಂಪನಿ. ದಾರಿಯಲ್ಲಿ ಶಾಂಘೈ ಬಂದರಿನಲ್ಲಿ ಸಾಲುಸಾಲು ವಿದೇಶಿ ಹಡಗುಗಳನ್ನು ನೋಡಿದಾಗಲೇ ಅವರಲ್ಲಿ ಒಬ್ಬನಾದ ಇನೊಯೆಯ ಮನಸ್ಸು ಬದಲಾಗಿಹೋಯಿತು. ಇವರನ್ನು ಕತ್ತಿ ಹಿಡಿದು ಓಡಿಸುವುದು ಆಗದ ಮಾತು ಎಂದ. ಮರುವರ್ಷ, ತಮ್ಮ ಸಂಸ್ಥಾನದ ಮೇಲೆ ವಿದೇಶಿ ಹಡಗುಗಳು ದಾಳಿಗೆ ಹೊರಟಿವೆ ಎಂದು ಲಂಡನ್ನಿನ ಪತ್ರಿಕೆಯಲ್ಲಿ ಓದಿ ಇತೊ ಮತ್ತು ಇನೊಯೆ ಓದು ಬಿಟ್ಟು ಓಡಿ ಬಂದರು. ತಡೆಯಲು ಆಗಲಿಲ್ಲ. ಸಂಸ್ಥಾನದ ಬಂದರು ಶಿಮೊನೊಸೆಕಿಯ ತೋಪುಗಳು ಪುಡಿಯಾದವು. ಆದರೆ ಆ ಮೇಲೆ ಆ ಸಂಸ್ಥಾನದಲ್ಲಿ ಇವರ ಮಾತಿಗೆ ಬೆಲೆ ಬಂತು, 1868ರಲ್ಲಿ ಹಳೆಯ ಸರ್ಕಾರ ಬಿದ್ದಾಗ ಇಂಥವರೇ ಅಧಿಕಾರಕ್ಕೂ ಬಂದರು.

ಕಂಡವನೇ ಕುರ್ಚಿಯಲ್ಲಿ ಕೂತ. ಚೀನಾದಲ್ಲಿ ಕಂಡವನು ಗಡೀಪಾರಾಗಿದ್ದ. ನಾನು ಹೇಳಬೇಕೆಂದಿದ್ದ ವ್ಯತ್ಯಾಸ ಇದೇ.

1871ರ ಕೊನೆಗೆ ಜಪಾನಿನ ಹೊಸ ಸರ್ಕಾರದ ಅರ್ಧ ಮಂದಿ ಮಂತ್ರಿಗಳು ಹಡಗು ಹತ್ತಿ ಪ್ರಪಂಚ ನೋಡಲು ಹೊರಟುಬಿಟ್ಟರು. ಇವಾಕುರಾ ನಿಯೋಗ ಅಂತ ಅದನ್ನು ಕರೆಯುತ್ತಾರೆ. ಸುಮಾರು ಒಂದೂಮುಕ್ಕಾಲು ವರ್ಷ ಅಮೆರಿಕ, ಯುರೋಪು ಸುತ್ತಿದರು. ಅವರ ಜೊತೆ ಹೊರಟ ವಿದ್ಯಾರ್ಥಿಗಳಲ್ಲಿ ಐದು ಜನ ಹೆಣ್ಣುಮಕ್ಕಳು. ಅತಿ ಚಿಕ್ಕವಳು ತ್ಸುದಾ ಉಮೆಕೊ, ಆರು ವರ್ಷದ ಮಗು. ಹನ್ನೊಂದು ವರ್ಷ ಅಮೆರಿಕದಲ್ಲಿದ್ದು ವಾಪಸ್ ಬಂದಾಗ ತಾಯಿನುಡಿಯೇ ಮರೆತುಹೋಗಿತ್ತು. ಮುಂದೆ ಅವಳು ಹೆಣ್ಣುಮಕ್ಕಳಿಗಾಗಿ ಟೋಕಿಯೊದಲ್ಲಿ ಕಾಲೇಜು ಕಟ್ಟಿದಳು. ಅಷ್ಟು ಚಿಕ್ಕ ಮಗುವನ್ನು ಹಡಗು ಹತ್ತಿಸಿದ ತಾಯಿಯ ಮನಸ್ಸನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ರೇಷ್ಮೆಯ ಮಾತು ಇಲ್ಲಿ ಹೇಳದೆ ಹೋದರೆ ನಮ್ಮ ಕಡೆಯವರಿಗೆ ಅನ್ಯಾಯವಾಗುತ್ತದೆ. ಯಂತ್ರ, ಹಡಗು ಕೊಳ್ಳಲು ಜಪಾನಿಗೆ ಹಣ ಎಲ್ಲಿಂದ ಬಂತು? ಬಹಳಷ್ಟು ರೇಷ್ಮೆ ನೂಲಿನಿಂದ. 1872ರಲ್ಲಿ ಸರ್ಕಾರವೇ ತೊಮಿಯೊಕಾದಲ್ಲಿ ಫ್ರೆಂಚ್ ತಜ್ಞರನ್ನು ಕರೆಸಿ ನೂಲು ಬಿಚ್ಚುವ ಕಾರ್ಖಾನೆ ತೆರೆಯಿತು. ಕೆಲಸಕ್ಕೆ ಹುಡುಗಿಯರೇ ಬರಲಿಲ್ಲ. ಆ ಫ್ರೆಂಚರು ಕೆಂಪು ವೈನ್ ಕುಡಿಯುವುದನ್ನು ನೋಡಿ, ರಕ್ತ ಕುಡಿಯುತ್ತಾರೆ ಎಂದು ಸುದ್ದಿ ಹಬ್ಬಿತ್ತು. ಕಾರ್ಖಾನೆಯ ಮೇಲ್ವಿಚಾರಕ ತನ್ನ ಮಗಳನ್ನೇ ಮೊದಲ ಕೆಲಸಗಾರಳಾಗಿ ಸೇರಿಸಿದ ಮೇಲೆ ಬೇರೆಯವರು ಬಂದರು. ಇಪ್ಪತ್ತೈದು ವರ್ಷ ಕಳೆಯುವಷ್ಟರಲ್ಲಿ ಜಪಾನಿನವರು ಬೇರೆಯವರಿಗೆ ಕಲಿಸುವ ಮಟ್ಟಕ್ಕೆ ಬಂದಿದ್ದರು. ಜಮ್ಷೆಡ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ರೇಷ್ಮೆ ಫಾರಂ ಮಾಡಿದಾಗ ಜಪಾನಿನಿಂದಲೇ ತಜ್ಞರನ್ನು ಕರೆಸಿದರು. ಬಸವನಗುಡಿ ಪಕ್ಕದ 'ಟಾಟಾ ಸಿಲ್ಕ್ ಫಾರಂ' ಎಂಬ ಬಡಾವಣೆಯ ಹೆಸರು ಅಲ್ಲಿಂದ ಬಂದದ್ದು. ವಿಶ್ವೇಶ್ವರಯ್ಯನವರು ಜಪಾನಿಗೆ ಹೋಗಿ ಬಂದದ್ದೂ ಅದೇ ಕಾಲದಲ್ಲಿ, 1898ರಲ್ಲಿ.

ಇದೆಲ್ಲ ಸುಮ್ನೆ ಆಗಲಿಲ್ಲ. 1873ರಲ್ಲಿ ಗಂಡುಮಕ್ಕಳು ಸೈನ್ಯಕ್ಕೆ ಬರಬೇಕೆಂದು ಕಾನೂನು ಬಂತು. ಸರ್ಕಾರಿ ಪ್ರಕಟಣೆಯಲ್ಲಿ ಅದನ್ನು 'ರಕ್ತದ ತೆರಿಗೆ' ಎಂದು ಕರೆದಿದ್ದರು. ಹಳ್ಳಿಗಳು ದಂಗೆ ಎದ್ದವು. ಭೂಮಿಯ ತೆರಿಗೆಯನ್ನು ಹಣದಲ್ಲೇ ಕಟ್ಟಬೇಕಾಯಿತು, ಬೆಳೆ ಹೋದರೂ ಕಟ್ಟಬೇಕಾಯಿತು. ಜಪಾನಿನ ಏಳಿಗೆಯ ಬಿಲ್ಲು ಕಟ್ಟಿದವರು ಈ ರೈತರು ಮತ್ತು ನೂಲು ಬಿಚ್ಚಿದ ಹುಡುಗಿಯರು.

ಚೀನಾಕ್ಕೆ ವಾಪಸ್ ಬರೋಣ. 1860ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೇನೆ ಬೀಜಿಂಗ್‌ಗೇ ನುಗ್ಗಿ ಚಕ್ರವರ್ತಿಯ ಬೇಸಿಗೆ ಅರಮನೆಯನ್ನು ಲೂಟಿ ಮಾಡಿ ಸುಟ್ಟಿತು. ಆಮೇಲೆ ವೇಯ್ ಯುವಾನ್ ಹೇಳಿದ್ದ ಕೆಲಸ ಶುರುವಾಯಿತು. 1862ರಲ್ಲಿ ಬೀಜಿಂಗ್‌ನಲ್ಲಿ ಭಾಷೆ ಕಲಿಸುವ ಶಾಲೆ, 1865ರಲ್ಲಿ ಶಾಂಘೈಯಲ್ಲಿ ಶಸ್ತ್ರಾಸ್ತ್ರ ಕಾರ್ಖಾನೆ, 1866ರಲ್ಲಿ ಫುಝೌದಲ್ಲಿ ಹಡಗುಕಟ್ಟೆ. ಆ ಹಡಗುಕಟ್ಟೆಯನ್ನು ನಡೆಸಿದ ಶೆನ್ ಬಾವೋಝೆನ್ ಯಾರು ಗೊತ್ತಾ? ಲಿನ್ ಝೆಷುವಿನ ಅಳಿಯ. ಮಾವ ಕಂಡ ಕನಸಿಗೆ ಅಳಿಯ ಕಬ್ಬಿಣ ಹೊಡೆದ.

ಆದರೆ ಪ್ರತಿ ಹೆಜ್ಜೆಗೂ ಅಡ್ಡಿ. ಭಾಷಾ ಶಾಲೆಯಲ್ಲಿ ಗಣಿತ, ಖಗೋಳ ಕಲಿಸೋಣ ಎಂದಾಗ 1867ರಲ್ಲಿ ವೊರೆನ್ ಎಂಬ ದೊಡ್ಡ ಪಂಡಿತ ಎದುರು ನಿಂತ. ಇಷ್ಟು ದೊಡ್ಡ ದೇಶದಲ್ಲಿ ಗಣಿತ ಬಲ್ಲವರು ಇಲ್ಲವೇ, ಅದಕ್ಕೂ ಆ ಪರಕೀಯರನ್ನೇ ಗುರುವಾಗಿ ಮಾಡಿಕೊಳ್ಳಬೇಕೇ ಎಂದು ಕೇಳಿದ. ವೊರೆನ್ ಮೂರ್ಖನಲ್ಲ, ಪ್ರಾಮಾಣಿಕ ಮನುಷ್ಯ. ನಮ್ಮ ಅರಮನೆ ಸುಟ್ಟವರ ಮುಂದೆ ನಮ್ಮ ಮಕ್ಕಳು ಶಿಷ್ಯರಾಗಿ ಕೂರಬೇಕಾ ಎಂಬ ನೋವು ಅವನದು. ಆ ನೋವು ನನಗೆ ಅರ್ಥವಾಗುತ್ತದೆ. ಆದರೆ ಅವನ ಮಾತಿನಿಂದ ಒಳ್ಳೆಯ ಹುಡುಗರು ಆ ಶಾಲೆಗೆ ಬರಲು ಹಿಂಜರಿದರು. 1872ರಿಂದ 120 ಹುಡುಗರನ್ನು ಓದಲು ಅಮೆರಿಕಕ್ಕೆ ಕಳಿಸಿದರು. ಆಗ ಚೀನಾದ ಗಂಡಸರು ಬಿಡಲೇಬೇಕಿದ್ದ ಜಡೆಯನ್ನು ಅಲ್ಲಿ ಕೆಲವರು ಕತ್ತರಿಸಿಕೊಂಡರು, ಕೆಲವರು ಚರ್ಚಿಗೆ ಹೋದರು ಎಂದು ದೂರು ಬಂತು. ಅವರಿಗೆ ತನ್ನ ಮಿಲಿಟರಿ ಕಾಲೇಜುಗಳಲ್ಲಿ ಜಾಗ ಕೊಡಲು ಅಮೆರಿಕವೂ ಒಪ್ಪಲಿಲ್ಲ. 1881ರಲ್ಲಿ ಎಲ್ಲರನ್ನೂ ಅರ್ಧಕ್ಕೇ ವಾಪಸ್ ಕರೆಸಿಕೊಂಡರು. ಲಂಡನ್ನಿಗೆ ಮೊದಲ ರಾಯಭಾರಿಯಾಗಿ ಹೋದ ಗುವೊ ಸಾಂಗ್‌ಟಾವ್ ಅಲ್ಲಿ ಕಂಡದ್ದನ್ನು ಮೆಚ್ಚಿ ದಿನಚರಿ ಬರೆದ. ಅದು ಅಚ್ಚಾದಾಗ ಎಂಥ ಗಲಾಟೆ ಎದ್ದಿತು ಅಂದರೆ ಮುದ್ರಣದ ಅಚ್ಚುಗಳನ್ನೇ ನಾಶ ಮಾಡಲು ಅಪ್ಪಣೆಯಾಯಿತು.

1884ರ ಆಗಸ್ಟ್ 23. ಫುಝೌ ಬಂದರಿನಲ್ಲಿ ಫ್ರೆಂಚ್ ನೌಕಾಪಡೆ ಗುಂಡು ಹಾರಿಸಿ ಒಂದು ಗಂಟೆಯೊಳಗೆ ಅಲ್ಲಿದ್ದ ಚೀನಾದ ಹಡಗುಗಳನ್ನು ಮುಳುಗಿಸಿತು. ಹಡಗುಕಟ್ಟೆ ಕಟ್ಟಲು ನೆರವು ಕೊಟ್ಟವರು ಫ್ರೆಂಚರೇ. ಬೇರೆ ಪ್ರಾಂತ್ಯಗಳ ನೌಕಾಪಡೆಗಳು ಸಹಾಯಕ್ಕೆ ಬರಲಿಲ್ಲ, ಅವು ಆಯಾ ಪ್ರಾಂತ್ಯದ ಅಧಿಕಾರಿಗಳ ಸ್ವಂತ ಪಡೆಗಳಂತೆ ಇದ್ದವು. ಅಮೆರಿಕದಿಂದ ಅರ್ಧಕ್ಕೆ ಕರೆಸಿಕೊಂಡ ಹುಡುಗರಲ್ಲಿ ಕೆಲವರು ಆ ಹಡಗುಗಳ ಮೇಲೆ ಸತ್ತರು.

ಕೊರಿಯಾದ ಕಥೆ ಹೇಳುವಾಗ ನನಗೆ ಯಾವಾಗಲೂ ನೆನಪಾಗುವುದು ಪಾರ್ಕ್ ಗ್ಯೂಸೂ. 1866ರಲ್ಲಿ ಅವನು ಪ್ಯೊಂಗ್ಯಾಂಗ್ ಭಾಗದ ರಾಜ್ಯಪಾಲ. 'ಜನರಲ್ ಶೆರ್ಮನ್' ಎಂಬ ಅಮೆರಿಕದ ಶಸ್ತ್ರಸಜ್ಜಿತ ವ್ಯಾಪಾರಿ ಹಡಗು ಹೇಳಿದ ಮಾತು ಕೇಳದೆ ನದಿಯಲ್ಲಿ ಒಳಗೆ ನುಗ್ಗಿ ಬಂತು. ಜಗಳವಾಗಿ ಗುಂಡು ಹಾರಿತು. ಗ್ಯೂಸೂ ಬೆಂಕಿ ಹಚ್ಚಿದ ದೋಣಿಗಳನ್ನು ಬಿಡಿಸಿ ಹಡಗನ್ನು ಸುಟ್ಟ. ಹಡಗಿನಲ್ಲಿದ್ದವರಲ್ಲಿ ಯಾರೂ ಉಳಿಯಲಿಲ್ಲ. ಅದೇ ವರ್ಷ ಫ್ರೆಂಚರು ಗಂಗ್ವಾ ದ್ವೀಪಕ್ಕೆ ಬಂದು ರಾಜರ ಗ್ರಂಥಾಲಯದ ಪುಸ್ತಕ ಹೊತ್ತುಕೊಂಡು ಹೋದರು. ಅವುಗಳಲ್ಲಿ 297 ಸಂಪುಟಗಳು ಕೊರಿಯಾಕ್ಕೆ ವಾಪಸ್ ಬಂದದ್ದು 2011ರಲ್ಲಿ, ಅದೂ ಎರವಲು ಎಂಬ ಹೆಸರಿನಲ್ಲಿ. 1871ರಲ್ಲಿ ಅಮೆರಿಕನ್ನರು ಬಂದರು. ಕೊರಿಯಾದ ಸಿಪಾಯಿಗಳು ಗುಂಡು ತಡೆಯಲೆಂದು ಹತ್ತಿ ಬಟ್ಟೆಯನ್ನು ಹಲವು ಪದರ ಹೊಲಿದ ಅಂಗಿ ತೊಟ್ಟಿದ್ದರು, ಜೂನ್ ತಿಂಗಳ ಸೆಕೆಯಲ್ಲಿ. ಮೂವರು ಅಮೆರಿಕನ್ನರು ಸತ್ತರು. ಕೊರಿಯಾದವರ ಇನ್ನೂರಕ್ಕೂ ಹೆಚ್ಚು ಹೆಣ ಕೋಟೆಯ ಸುತ್ತ ಬಿದ್ದಿದ್ದವು. ಆದರೂ ಅಮೆರಿಕನ್ನರು ಒಪ್ಪಂದವಿಲ್ಲದೆ ವಾಪಸ್ ಹೋದರು. ರಾಜನ ತಂದೆ ದೇವೊನ್‌ಗುನ್ ಊರೂರಲ್ಲಿ ಕಲ್ಲು ನೆಡಿಸಿದ: ಪರಕೀಯರ ಜೊತೆ ರಾಜಿಯಾಗುವುದೆಂದರೆ ದೇಶ ಮಾರುವುದು.

ಹಡಗು ಸುಟ್ಟ ಗ್ಯೂಸೂ ಮಾತ್ರ ಬೇರೆ ದಾರಿ ಹಿಡಿದ. ಅವನು ಎರಡು ಸಲ ಬೀಜಿಂಗ್‌ಗೆ ಹೋಗಿ ಬಂದವನು. ಓ ಗ್ಯೊಂಗ್‌ಸೊಕ್ ಎಂಬ ದುಭಾಷಿ ಬೀಜಿಂಗ್‌ನಿಂದ ಪುಸ್ತಕ ತರುತ್ತಿದ್ದ. ಅವುಗಳಲ್ಲಿ ನಮ್ಮ 'ಹಾಯ್‌ಗುವೊ ತುಝಿ'ಯೂ ಇತ್ತು. ಕೆಲಸದಿಂದ ಬಿಡುವಾದ ಮೇಲೆ ಗ್ಯೂಸೂ ರಾಜಧಾನಿ ಸಿಯೋಲ್‌ನ ತನ್ನ ಮನೆಯಲ್ಲಿ ಯುವಕರನ್ನು ಸೇರಿಸಿ ಇಂಥ ಪುಸ್ತಕ ಓದಿಸಿದ. ಒಂದು ಕಥೆ ಹೇಳುತ್ತಾರೆ. ಒಂದು ದಿನ ಅವನು ಭೂಗೋಳದ ಗೋಲವನ್ನು ಕಿಮ್ ಓಕ್‌ಗ್ಯುನ್ ಎಂಬ ಯುವಕನ ಮುಂದಿಟ್ಟು ತಿರುಗಿಸಿದನಂತೆ. ಇದರಲ್ಲಿ ನಡುವಿನ ದೇಶ ಎಲ್ಲಿದೆ ಹೇಳು? ಹೀಗೆ ತಿರುಗಿಸಿದರೆ ಅಮೆರಿಕ ನಡುವೆ, ಹೀಗೆ ತಿರುಗಿಸಿದರೆ ನಮ್ಮ ಕೊರಿಯಾ ನಡುವೆ. ಚೀನಾವನ್ನು 'ನಡುವಿನ ರಾಜ್ಯ' ಎಂದು ನೂರಾರು ವರ್ಷ ನಂಬಿದ್ದ ಊರಿನಲ್ಲಿ ಈ ಮಾತು ಸಿಡಿಲಿನಂಥದ್ದು.

ಅಷ್ಟರಲ್ಲಿ ಹೊತ್ತು ಮೀರಿತ್ತು. 1875ರ ಸೆಪ್ಟೆಂಬರಿನಲ್ಲಿ ಗಂಗ್ವಾ ದ್ವೀಪದ ಹತ್ತಿರ ಮತ್ತೊಂದು ಹಡಗು ಬಂತು. ಕೋಟೆಯಿಂದ ಗುಂಡು ಹಾರಿತು, ಹಡಗು ಕೋಟೆಯನ್ನು ಪುಡಿ ಮಾಡಿತು. ಮರುವರ್ಷ ಒಪ್ಪಂದ: ಮೂರು ಬಂದರು ತೆರೆಯಬೇಕು, ಬಂದವರು ತಪ್ಪು ಮಾಡಿದರೆ ಕೊರಿಯಾದ ಕಾನೂನು ಅವರಿಗೆ ಇಲ್ಲ. ಆ ಹಡಗು ಜಪಾನಿನದು. ಪೆರ್ರಿ ಬಂದು ಇಪ್ಪತ್ತೆರಡೇ ವರ್ಷ ಆಗಿತ್ತು. ಪೆರ್ರಿ ತಮಗೆ ಮಾಡಿದ್ದನ್ನು ಅವರು ಪಕ್ಕದ ಮನೆಯವರಿಗೆ ಮಾಡಿದರು. ಜಪಾನನ್ನು ಮೆಚ್ಚಿ ಮಾತಾಡುವಾಗ ನನಗೆ ಗಂಟಲು ಕಟ್ಟುವುದು ಈ ಜಾಗದಲ್ಲಿ. ಪಶ್ಚಿಮದಿಂದ ಕಲಿತದ್ದರಲ್ಲಿ ರೈಲು, ಶಾಲೆಗಳ ಜೊತೆಗೆ ಇದೂ ಇತ್ತು. ಗ್ಯೂಸೂ ಸಹಿ ಹಾಕಿ ಎಂದೇ ಸಲಹೆ ಕೊಟ್ಟ, ಬೇರೆ ದಾರಿ ಅವನಿಗೆ ಕಾಣಲಿಲ್ಲ. 1877ರಲ್ಲಿ ತೀರಿಕೊಂಡ. ಅವನ ಶಿಷ್ಯ ಕಿಮ್ ಓಕ್‌ಗ್ಯುನ್ 1884ರಲ್ಲಿ ಜಪಾನಿನ ಬೆಂಬಲ ನಂಬಿ ಅರಮನೆ ಹಿಡಿದ. ಮೂರನೇ ದಿನ ಚೀನಾದ ಸೈನ್ಯ ಬಂದು ಎಲ್ಲ ಮುಗಿಸಿತು. ಕಿಮ್ ಜಪಾನಿಗೆ ಓಡಿಹೋದ, ಹತ್ತು ವರ್ಷದ ನಂತರ ಶಾಂಘೈಯಲ್ಲಿ ಕೊಲೆಯಾದ.

ಅದೇ 1894ರಲ್ಲಿ ಕೊರಿಯಾದ ನೆಲಕ್ಕಾಗಿ ಚೀನಾ ಮತ್ತು ಜಪಾನ್ ಯುದ್ಧಕ್ಕೆ ಇಳಿದವು. ಚೀನಾ ಸೋತಿತು. 1895ರ ಮಾರ್ಚ್‌ನಲ್ಲಿ ಶಿಮೊನೊಸೆಕಿಯಲ್ಲಿ ಮಾತುಕತೆ. ಒಂದು ಕಡೆ ಚೀನಾದ ಲಿ ಹೊಂಗ್‌ಜಾಂಗ್, ಎಪ್ಪತ್ತು ದಾಟಿದ ಮುದುಕ, ಮೂವತ್ತು ವರ್ಷ ಕಾರ್ಖಾನೆ, ಹಡಗು ಎಂದು ಓಡಾಡಿದವನು. ಎದುರಿಗೆ ಇತೊ ಹಿರೊಬುಮಿ, ಶೋಯಿನ್‌ನ ಶಿಷ್ಯ. ಹತ್ತು ವರ್ಷದ ಹಿಂದೆ ನಾವು ಟಿಯಾಂಜಿನ್‌ನಲ್ಲಿ ಭೇಟಿಯಾದಾಗ ಸುಧಾರಣೆಯ ಮಾತಾಡಿದ್ದೆವು, ಇಲ್ಲಿಯವರೆಗೂ ಏನೂ ಬದಲಾಗಲಿಲ್ಲವಲ್ಲ ಎಂದು ಇತೊ ಕೇಳಿದ. ನಮ್ಮಲ್ಲಿ ಹಳೆಯ ಕಟ್ಟುಪಾಡು ಜಾಸ್ತಿ, ಮನಸ್ಸಿನಲ್ಲಿದ್ದದ್ದನ್ನು ಮಾಡಲು ನನ್ನಿಂದ ಆಗಲಿಲ್ಲ ಎಂದು ಲಿ ಉತ್ತರಿಸಿದ. ನಾಲ್ಕು ದಿನದ ನಂತರ ಜಪಾನಿನ ಯುವಕನೊಬ್ಬ ಲಿಯ ಮುಖಕ್ಕೆ ಗುಂಡು ಹಾರಿಸಿದ. ಮುದುಕ ಬದುಕಿಕೊಂಡು, ಗಾಯದ ಮುಖದಲ್ಲೇ ಒಪ್ಪಂದಕ್ಕೆ ಸಹಿ ಹಾಕಿದ. ತೈವಾನ್ ಹೋಯಿತು, 20 ಕೋಟಿ ಟೇಲ್ (ಚೀನಾದ ತೂಕದ ಅಳತೆ) ಬೆಳ್ಳಿ ದಂಡ ಬಿತ್ತು. 1910ರಲ್ಲಿ ಕೊರಿಯಾ ಪೂರ್ತಿಯಾಗಿ ಜಪಾನಿನ ಕೈಸೇರಿತು.

ಪುಸ್ತಕದ ಕಥೆ ಇನ್ನೂ ಸ್ವಲ್ಪ ಇದೆ. ಸೋತ ಮರುವರ್ಷ, 1896ರಲ್ಲಿ, ಚೀನಾ 13 ವಿದ್ಯಾರ್ಥಿಗಳನ್ನು ಓದಲು ಜಪಾನಿಗೆ ಕಳಿಸಿತು. ಹತ್ತು ವರ್ಷದಲ್ಲಿ ಆ ಸಂಖ್ಯೆ ಎಂಟು ಸಾವಿರದ ಹತ್ತಿರ ಹೋಯಿತು. ವೇಯ್ ಯುವಾನ್‌ನ ಪುಸ್ತಕ ಹೋದ ಕಡಲ ದಾರಿಯಲ್ಲೇ ಈ ಹುಡುಗರು ಹೋದರು, ಬರುವಾಗ ಪೆಟ್ಟಿಗೆ ತುಂಬ ಜಪಾನಿ ಪುಸ್ತಕ ತಂದರು. ಅದರ ಜೊತೆ ಹೊಸ ಪದಗಳೂ ಬಂದವು. ಯುರೋಪಿನ ವಿಚಾರಗಳನ್ನು ಹೇಳಲು ಜಪಾನಿನ ವಿದ್ವಾಂಸರು ಚೀನೀ ಅಕ್ಷರಗಳನ್ನೇ ಜೋಡಿಸಿ ಮಾಡಿಕೊಂಡಿದ್ದ ಪದಗಳು. ತತ್ವಶಾಸ್ತ್ರಕ್ಕೆ ಹೀಗೆ ಎರಡು ಅಕ್ಷರ ಜೋಡಿಸಿದವನು ನಿಶಿ ಅಮಾನೆ, 1860ರ ದಶಕದಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಓದಿ ಬಂದವನು. ಜಪಾನಿನಲ್ಲಿ ಅದನ್ನು ತೆತ್ಸುಗಾಕು ಎನ್ನುತ್ತಾರೆ, ಚೀನಾದಲ್ಲಿ ಝೆಷುಯೆ, ಕೊರಿಯಾದಲ್ಲಿ ಚೊಲ್ಹಾಕ್. ಸಮಾಜ ಅನ್ನುವುದಕ್ಕೆ ಶಾಕಾಯ್, ಶೆಹ್ವೆ, ಸಾಹ್ವೆ. ಅಕ್ಷರ ಅವೇ ಎರಡು. ಮೂರೂ ಊರಿನ ಮಕ್ಕಳು ಇವತ್ತಿಗೂ ಶಾಲೆಯಲ್ಲಿ ಈ ಪದಗಳನ್ನು ಕಲಿಯುತ್ತಾರೆ.